ಹೆಸರು ಒಂದು, ಗುಣ ಎರಡು

ನಲ್ಲಂಪಳ್ಳಿಯ ಕಡೆ ಮನೆಯಲ್ಲಿ ‘ನೀರು’ ಎಂದದ್ದನ್ನೇ ಸಂತೆಯಲ್ಲಿ ‘ತಣ್ಣಿ’ ಎನ್ನುತ್ತೀರಿ. ವಸ್ತು ಒಂದು, ಹೆಸರು ಎರಡು. ಕ್ರೋಮಿಯಂ ಲೋಹದ ಕಥೆ ಇದಕ್ಕೆ ತಿರುಗುಮುರುಗು: ಹೆಸರು ಒಂದು, ಗುಣ ಎರಡು.

1797ರಲ್ಲಿ ಫ್ರಾನ್ಸಿನ ವೊಕ್ಲಾಂ ಇದನ್ನು ಸೈಬೀರಿಯದ ಕೆಂಪು ಖನಿಜದಲ್ಲಿ ಕಂಡುಹಿಡಿದರು. ಕಳೆದುಕೊಂಡ ಎಲೆಕ್ಟ್ರಾನುಗಳ ಲೆಕ್ಕದಲ್ಲಿ ಇದಕ್ಕೆ ಮೂರರ ರೂಪ, ಆರರ ರೂಪ ಎಂದು ಎರಡು ಮುಖ್ಯ ರೂಪಗಳು. ಹಾಸನ ಜಿಲ್ಲೆಯ ಬೈರಾಪುರದ ಅದಿರಿನಲ್ಲಿರುವುದು ಮೂರರ ರೂಪ. ಚರ್ಮ ಹದಮಾಡುವ ಉಪ್ಪಿನಲ್ಲೂ ಅದೇ. ಅದರ ವಿಷ ಕಡಿಮೆ. ಆರರ ರೂಪವೋ ನೀರಿನೊಡನೆ ಸಲೀಸಾಗಿ ಹರಿಯುತ್ತದೆ. ಅದರ ಧೂಳು ಉಸಿರಿಗೆ ಸೇರಿದರೆ ಶ್ವಾಸಕೋಶದ ಕ್ಯಾನ್ಸರ್ ಬರಬಹುದು. ರಾಣಿಪೇಟೆಯಲ್ಲಿ 1990ರ ದಶಕದಲ್ಲಿ ಮುಚ್ಚಿದ ಕ್ರೋಮೇಟ್ ಕಾರ್ಖಾನೆ ಲಕ್ಷ ಟನ್ನಿಗೂ ಮಿಕ್ಕ ತ್ಯಾಜ್ಯ ಬಿಟ್ಟಿತು. ಅದರಿಂದ ಅಂತರ್ಜಲಕ್ಕಿಳಿದದ್ದು ಈ ಆರರ ರೂಪವೇ.

ಎರಡನ್ನೂ ಬೇರೆಬೇರೆ ಅಳೆಯುವುದು ಹೇಗೆ? 1955ರಲ್ಲಿ ಆಸ್ಟ್ರೇಲಿಯದ ಅಲನ್ ವಾಲ್ಶ್ ಮುಂದಿಟ್ಟ ಪರಮಾಣು ಹೀರಿಕೆಯ ವಿಧಾನ ತಾನಾಗಿ ಹೇಳುವುದು ಒಟ್ಟು ಮೊತ್ತವನ್ನಷ್ಟೇ. ಡೈಫೀನೈಲ್ ಕಾರ್ಬಜೈಡ್ ಎಂಬ ಹಳೆಯ ರಾಸಾಯನಿಕ ಆಮ್ಲ ಬೆರೆಸಿದ ನೀರಿನಲ್ಲಿ ಆರರ ರೂಪ ಇದ್ದರೆ ನೇರಳೆಗೆಂಪಾಗುತ್ತದೆ; ಬಣ್ಣದ ಗಾಢತೆಯೇ ಅಳತೆ. ಇಂದು ಅಯಾನ್ ಕ್ರೊಮ್ಯಾಟೊಗ್ರಾಫ್ ಎರಡನ್ನೂ ಬೇರ್ಪಡಿಸುತ್ತದೆ, ರಾಶಿ ರೋಹಿತಮಾಪಕ ಎಣಿಸುತ್ತದೆ.

ಹಾಗಾಗಿ ನಿಮ್ಮ ಬಾವಿಯ ವರದಿ ಬಂದಾಗ ‘ಎಷ್ಟಿದೆ?’ ಎಂದು ಕೇಳಿ ಸುಮ್ಮನಾಗಬೇಡಿ, ‘ಯಾವ ರೂಪದಲ್ಲಿದೆ?’ ಎಂದೂ ಕೇಳಿ.