ಹುನಗುಂದದ ಡಿಟಿಪಿ ಅಂಗಡಿ, ನುಡಿ ಮತ್ತು ಲಿನಕ್ಸ್

ಬಹಳ ದಿನದಿಂದ ಈ ಕಡೆ ತಲೆ ಹಾಕಿರಲಿಲ್ಲ, ಕ್ಷಮಿಸಿ. ದೀಪಾವಳಿಗೆ ಊರಿಗೆ, ಅಂದರೆ ಹುನಗುಂದಕ್ಕೆ ಹೋಗಿದ್ದೆ. ಹೋದ ದಿನವೇ ಕಾಕಾ ಹಿಡಿದುಕೊಂಡ. (ನಮ್ಮ ಕಡೆ ಕಾಕಾನಿಗೆ ಏಕವಚನವೇ, ಬೆಂಗಳೂರಿನ ಗೆಳೆಯರು ತಪ್ಪು ತಿಳಿಯಬೇಡಿ :-) )

ಕಾಕಾನದ್ದು ಪುಟ್ಟ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಅರ್ಜಿ, ಬಾಂಡ್ ಪೇಪರ್... ಇಷ್ಟೇ ಕೆಲಸ. ಅಲ್ಲಿದ್ದ ವಿಂಡೋಸ್ 7ರ ಹಳೆಯ ಪಿಸಿ ಕೈಕೊಟ್ಟಿತ್ತು. "ತಮ್ಮಾ, ಇಂಜಿನಿಯರ್ ಆಗಿ ಇಷ್ಟ್ ವರ್ಷ ಆತು, ಇದನ್ನೊಂದ್ ಬದುಕಿಸಿ ಕೊಡು" ಅಂದ. ಎರಡು ಜಿಬಿ ರ‍್ಯಾಮ್ ಇರುವ ಯಂತ್ರಕ್ಕೆ ಮತ್ತೇನು ಹಾಕುವುದು? ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿದೆ. ಒಂದು ಗಂಟೆಯಲ್ಲಿ ಯಂತ್ರ ಎದ್ದು ಕೂತಿತು. ನನಗೋ ಭಾರೀ ಹೆಮ್ಮೆ.

ಹೆಮ್ಮೆ ಇಳಿದದ್ದು ಕಾಕಾ ತನ್ನ ಕಡತವೊಂದನ್ನು ತೆರೆದಾಗ. ಪರದೆ ತುಂಬ ಇಂಗ್ಲಿಷ್ ಅಕ್ಷರ, ಅವುಗಳ ತಲೆಯ ಮೇಲೆ ಚುಕ್ಕೆ, ಗೆರೆ, ಕೊಂಬು. "ನನ್ನ ಅಕ್ಷರ ಎಲ್ಲಿ ಹೋದ್ವೋ?" ಅಂದವನ ಮುಖ ನೋಡಲಾಗಲಿಲ್ಲ. ಅದು ಲಗ್ನಪತ್ರಿಕೆ ಆಗಿದ್ದರೆ ಹೋಗಲಿ ಅನ್ನಬಹುದಿತ್ತು. ಊರಿನ ಹಿರಿಯರೊಬ್ಬರ ಬಳಿಯಿದ್ದ ಬಯಲಾಟದ ನೋಟುಬುಕ್ಕುಗಳನ್ನು ಕಾಕಾ ಎರಡು ವರ್ಷ ರಾತ್ರಿ ಕೂತು ಟೈಪ್ ಮಾಡಿದ್ದ. ಆಮೇಲೆ ನೋಟುಬುಕ್ಕುಗಳು ಗೆದ್ದಲಿಗೆ ಹೋದವು. ಉಳಿದದ್ದು ಈ ಕಡತ ಒಂದೇ.

ಹೀಗೆ ಯಾಕಾಯಿತು ಎಂದು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕನ್ನಡಕ್ಕೆ ಯುನಿಕೋಡಿನಲ್ಲಿ ಜಾಗ ಸಿಕ್ಕಿದ್ದು 1991ರಲ್ಲೇ, ಅದರ ಮೊದಲ ಆವೃತ್ತಿಯಲ್ಲೇ. ಭಾರತೀಯ ಲಿಪಿಗಳಿಗೆಂದು ಮೊದಲೇ ರೂಪಿಸಿದ್ದ ಇಸ್ಕಿ ಸಂಕೇತದ ಕ್ರಮವನ್ನೇ ಅದು ಅನುಸರಿಸಿತು. (ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕರ್ನೆಲ್ ಹೊರಬಿಟ್ಟಿದ್ದೂ ಅದೇ ವರ್ಷ.) ಆದರೆ ಸಂಖ್ಯೆ ಕೊಟ್ಟ ಮಾತ್ರಕ್ಕೆ ಅಕ್ಷರ ಮೂಡುವುದಿಲ್ಲವಲ್ಲ. ಒತ್ತು, ಗುಣಿತ, ಅರ್ಕಾವೊತ್ತು ಜೋಡಿಸುವ ತಂತ್ರಾಂಶ ಬೇಕು, ಅದಕ್ಕೆ ತಕ್ಕ ಓಪನ್‌ಟೈಪ್ ಫಾಂಟು ಬೇಕು. ವಿಂಡೋಸ್‌ನಲ್ಲಿ ತುಂಗಾ ಫಾಂಟು ಬಂದದ್ದು 2001ರ ಎಕ್ಸ್‌ಪಿ ಜೊತೆ. ಡಿಟಿಪಿ ಅಂಗಡಿಗಳು ಅಲ್ಲಿಯವರೆಗೆ ಕಾಯುತ್ತಾ ಕೂರಲು ಸಾಧ್ಯವೇ?

ಹಾಗಾಗಿ ಎಲ್ಲರೂ ಒಂದು ಉಪಾಯ ಮಾಡಿದರು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದರು. ನುಡಿ ಫಾಂಟಿನಲ್ಲಿ ದೊಡ್ಡ 'ಪಿ' ಇರುವಲ್ಲಿ ತಲೆಕಟ್ಟಿಲ್ಲದ 'ಕ', ತಲೆಯ ಮೇಲೆ ಗೆರೆಯಿರುವ 'ಎ' ಇರುವಲ್ಲಿ ಬರೀ ತಲೆಕಟ್ಟು. ಎರಡೂ ಸೇರಿದರೆ ಕಣ್ಣಿಗೆ 'ಕ'. ಕಂಪ್ಯೂಟರಿಗೆ ಮಾತ್ರ ಅದು ಇಂಗ್ಲಿಷೇ. 1998ರ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ, ಇವಿಲ್ಲದಿದ್ದರೆ ನಮ್ಮ ಊರುಗಳಲ್ಲಿ ಕಂಪ್ಯೂಟರಿನಲ್ಲಿ ಕನ್ನಡವೇ ಇರುತ್ತಿರಲಿಲ್ಲ. ಹಾಗಾಗಿ ಈಗ ಕೂತು ಅವನ್ನು ಬೈಯುವವರ ಗುಂಪಿಗೆ ನಾನಿಲ್ಲ.

ಲಿನಕ್ಸ್ ಕಡೆ ಬೇರೆಯದೇ ಹಾದಿ. ಅಲ್ಲಿ ನೆಚ್ಚಿಕೊಂಡದ್ದು ಯುನಿಕೋಡನ್ನು. ಪ್ಯಾಂಗೋ, ನಂತರ ಹಾರ್ಫ್‌ಬಝ್ ಅಕ್ಷರ ಜೋಡಿಸುವ ಕೆಲಸ ಹೊತ್ತುಕೊಂಡವು. 2004ರಲ್ಲಿ ರೆಡ್ ಹ್ಯಾಟ್ ಕಂಪನಿ ಲೋಹಿತ್ ಫಾಂಟುಗಳನ್ನು ಮುಕ್ತವಾಗಿ ಕೊಟ್ಟಿತು. ಮುಂದೆ ಗುಬ್ಬಿ, ನವಿಲು ಬಂದವು. ಸ್ವಯಂಸೇವಕರು ರಾತ್ರಿ ಹಗಲು ಕೂತು ಮೆನುಗಳನ್ನು ಕನ್ನಡಕ್ಕೆ ತಂದರು. ('ಫೈಲ್' ಹೋಗಿ 'ಕಡತ' ಆಗಿದ್ದು ನೋಡಿ ಕಾಕಾ, "ಇದೇನು ತಹಸೀಲ್ದಾರ್ ಆಫೀಸೇನು?" ಅಂದ!) 2011ರಿಂದ ಸರಕಾರಿ ಪ್ರೌಢಶಾಲಾ ಶಿಕ್ಷಕರಿಗೆ ನಡೆದ ಸಬ್ಜೆಕ್ಟ್ ಟೀಚರ್ ಫೋರಂ ತರಬೇತಿಯಲ್ಲೂ ಉಬುಂಟುವೇ ಇತ್ತು. ಲಿನಕ್ಸ್ ಅಂದರೆ ಬೆಂಗಳೂರಿನ ಇಂಜಿನಿಯರುಗಳ ಶೋಕಿ ಅನ್ನುವವರು ಇದನ್ನು ಮರೆಯುತ್ತಾರೆ.

ಸರಿ, ಕಾಕಾನ ಕಡತ. ಮೊದಲು ಹಳೆಯ ಡಿಸ್ಕಿನಿಂದ ನುಡಿ ಫಾಂಟು ತೆಗೆದು ಹೋಮ್ ಡೈರೆಕ್ಟರಿಯ ಫಾಂಟ್ಸ್ ಫೋಲ್ಡರಿಗೆ ಹಾಕಿ, ಎಫ್‌ಸಿ-ಕ್ಯಾಶ್ ಕಮಾಂಡ್ ಓಡಿಸಿದೆ. ಲಿಬ್ರೆಆಫೀಸ್‌ನಲ್ಲಿ ಕನ್ನಡ ಕಾಣಿಸಿತು. ಕಾಕಾನಿಗೆ ಅಷ್ಟೇ ಸಾಕಾಗಿತ್ತು, ನನಗೆ ಸಾಕಾಗಲಿಲ್ಲ. 'ಸಾರಥಿ' ಎಂದು ಹುಡುಕಿದರೆ ಒಂದೂ ಸಿಗದು, ಮೊಬೈಲಿಗೆ ಕಳಿಸಿದರೆ ಮತ್ತೆ ಅದೇ ಇಂಗ್ಲಿಷ್ ಭೂತ.

ಆಗ ನೆನಪಾದದ್ದು ಅರವಿಂದ ವಿ.ಕೆ. ಅವರ ಆಸ್ಕಿಯಿಂದ ಯುನಿಕೋಡಿಗೆ ಬದಲಿಸುವ ಮುಕ್ತ ತಂತ್ರಾಂಶ. ಇದು ಬರೀ ಅಕ್ಷರಕ್ಕೆ ಅಕ್ಷರ ಬದಲಿಸುವ ಕೆಲಸವಲ್ಲ. 'ಧರ್ಮ' ಎನ್ನುವಲ್ಲಿ ನುಡಿ ಕಡತದಲ್ಲಿ ಮೊದಲು ಧ, ಆಮೇಲೆ ಮ, ಕೊನೆಗೆ ಅರ್ಕಾವೊತ್ತು, ಅಂದರೆ ಕಣ್ಣಿಗೆ ಕಾಣುವ ಕ್ರಮ. ಯುನಿಕೋಡಿನಲ್ಲಿ ಉಚ್ಚಾರದ ಕ್ರಮ: ಧ, ರ್, ಮ. ಹಾಗಾಗಿ ಅರ್ಕಾವೊತ್ತನ್ನು ಹಿಡಿದು ಹಿಂದಕ್ಕೆ ತಂದು ಕೂರಿಸಬೇಕು. ಮೊದಲ ಪುಟ ಬದಲಾಗಿ ಬಂದಾಗ ಗಣಪತಿ ಸ್ತುತಿ ಸರಿಯಾಗಿ ಕಾಣಿಸಿತು. ಕಾಕಾ ಅದನ್ನು ಓದಲಿಲ್ಲ, ಹಾಡಿದ.

ಆದರೆ ಕೊನೆಯ ಹನ್ನೊಂದು ಪುಟ ಬದಲಾಗಲಿಲ್ಲ. ಅವನ್ನು ಬೇರೆ ಯಾವುದೋ ಪ್ಯಾಕೇಜಿನಲ್ಲಿ ಮಾಡಿದ್ದನಂತೆ. ಆ ಫಾಂಟು ನಮ್ಮಲ್ಲಿಲ್ಲ, ಅದರ ಹೆಸರೂ ಅವನಿಗೆ ನೆನಪಿಲ್ಲ. ಪುಣ್ಯಕ್ಕೆ ಹಳೆಯ ಪ್ರೂಫಿನ ಹಾಳೆಗಳು ಕಪಾಟಿನಲ್ಲಿದ್ದವು, ಮಸುಕಾಗಿ. ಮತ್ತೆ ಟೈಪ್ ಮಾಡುವುದೊಂದೇ ದಾರಿ.

ಐಬಸ್‌ನಲ್ಲಿ ಎಂ17ಎನ್ ಸೇರಿಸಿ ಕಗಪ ಕೀಲಿಮಣೆ ಆರಿಸಿಕೊಟ್ಟೆ. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವೇ ಅದರ ಮೂಲ, ನುಡಿಯಲ್ಲಿ ಇದ್ದದ್ದೂ ಅದೇ. ಕೆ ಒತ್ತಿದರೆ ಕ, ಒತ್ತಕ್ಷರಕ್ಕೆ ಎಫ್. ಕಾಕಾನಿಗೆ ನಾನು ಹೇಳಿಕೊಡಬೇಕಾದದ್ದು ಏನೂ ಇರಲಿಲ್ಲ. ಕನ್ನಡಕ ಏರಿಸಿಕೊಂಡು ಪರದೆಯನ್ನೂ ನೋಡದೆ ಶುರುಮಾಡಿದ. ನಾನು ಬಸ್ಸು ಹತ್ತುವ ಹೊತ್ತಿಗೆ ನಾಲ್ಕು ಪುಟ ಆಗಿತ್ತು.