ಬಿಪಿ ನಾರ್ಮಲ್ ಇದ್ದರೆ ಕೊಲೆಸ್ಟ್ರಾಲ್ ಕೂಡ ನಾರ್ಮಲ್ ಅಂತಲ್ಲ: ಎರಡಕ್ಕೂ ಇರುವ ನಂಟೇನು?

"ಬಿಪಿ ಚೆಕ್ ಮಾಡಿಸ್ದೆ, ನಾರ್ಮಲ್ ಇದೆ. ಇನ್ನು ಕೊಲೆಸ್ಟ್ರಾಲ್ ಟೆಸ್ಟ್ ಯಾಕೆ?" ಹೀಗೆ ಕೇಳುವವರು ಬಹಳ ಜನ. ನಿಜ ಏನಂದ್ರೆ, ಇವೆರಡೂ ಬೇರೆ ಬೇರೆ ಸಮಸ್ಯೆಗಳು. ಆದರೆ ಹಾಳು ಮಾಡುವುದು ಒಂದೇ ರಕ್ತನಾಳವನ್ನು.

ವ್ಯತ್ಯಾಸ ಏನು?

ಹರಿಯುವ ರಕ್ತವು ರಕ್ತನಾಳದ ಗೋಡೆಯ ಮೇಲೆ ಹಾಕುವ ಒತ್ತಡವೇ ಬಿಪಿ. ಕೊಲೆಸ್ಟ್ರಾಲ್ ಎಂಬುದು ರಕ್ತದಲ್ಲಿರುವ ಕೊಬ್ಬಿನಂಥ ವಸ್ತು. ಇದರ ಬಹುಪಾಲನ್ನು ನಮ್ಮ ದೇಹವೇ ತಯಾರಿಸುತ್ತದೆ. ಹೀಗಾಗಿ ತೆಳ್ಳಗಿರುವವರಿಗೆ, ಸಸ್ಯಾಹಾರಿಗಳಿಗೂ ಕೊಲೆಸ್ಟ್ರಾಲ್ ಹೆಚ್ಚಿರಬಹುದು. ಇದರಲ್ಲಿ ಎಲ್‌ಡಿಎಲ್ ಎಂಬ 'ಕೆಟ್ಟ' ಕೊಲೆಸ್ಟ್ರಾಲ್ ಜಾಸ್ತಿಯಾದರೆ ಅಪಾಯ.

ಎರಡೂ ಸೇರಿದರೆ ಏನಾಗುತ್ತೆ?

ಬಿಪಿ ಹೆಚ್ಚಿದ್ದರೆ ರಕ್ತನಾಳದ ಒಳಪದರಕ್ಕೆ ದಿನವೂ ಪೆಟ್ಟು ಬೀಳುತ್ತದೆ. ಪೆಟ್ಟು ಬಿದ್ದ ಜಾಗದಲ್ಲಿ ಎಲ್‌ಡಿಎಲ್ ಸುಲಭವಾಗಿ ಗೋಡೆಯೊಳಗೆ ನುಗ್ಗಿ ಶೇಖರವಾಗುತ್ತದೆ. ವರ್ಷಗಳು ಕಳೆದಂತೆ ನಾಳ ಕಿರಿದಾಗಿ, ಗಡುಸಾಗುತ್ತದೆ. ಗಡುಸಾದ ನಾಳದಲ್ಲಿ ಬಿಪಿ ಮತ್ತಷ್ಟು ಏರುತ್ತದೆ. ಶೇಖರವಾದ ಕೊಬ್ಬಿನ ಗಂಟು ಒಡೆದು ರಕ್ತ ಹೆಪ್ಪುಗಟ್ಟಿದರೆ ಹಾರ್ಟ್ ಅಟ್ಯಾಕ್ ಅಥವಾ ಪಾರ್ಶ್ವವಾಯು ಆಗಬಹುದು. ಅಲ್ಲಿವರೆಗೆ ಹೆಚ್ಚಿನವರಿಗೆ ಯಾವ ಲಕ್ಷಣವೂ ಕಾಣುವುದಿಲ್ಲ.

ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ 1948ರಲ್ಲಿ 5,209 ಜನರ ಮೇಲೆ ನಿಗಾ ಇಡಲು ಆರಂಭಿಸಲಾಯಿತು. ಬಿಪಿ ಮತ್ತು ಕೊಲೆಸ್ಟ್ರಾಲ್ ಎರಡೂ ಹೃದ್ರೋಗದ ಅಪಾಯ ಹೆಚ್ಚಿಸುತ್ತವೆ ಎಂದು 1961ರಲ್ಲಿ ಆ ಅಧ್ಯಯನ ತೋರಿಸಿಕೊಟ್ಟಿತು.

ಎಷ್ಟಿರಬೇಕು?

• ಬಿಪಿ: 120/80ಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು. ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಅಧಿಕ ರಕ್ತದೊತ್ತಡ.
• ಒಟ್ಟು ಕೊಲೆಸ್ಟ್ರಾಲ್: 200ಕ್ಕಿಂತ ಕಡಿಮೆ.
• ಎಲ್‌ಡಿಎಲ್: 100ಕ್ಕಿಂತ ಕಡಿಮೆ. ಈಗಾಗಲೇ ಹೃದಯದ ಕಾಯಿಲೆ ಇರುವವರಿಗೆ ವೈದ್ಯರು ಇನ್ನೂ ಕೆಳಗಿನ ಗುರಿ ಇಡುತ್ತಾರೆ.

ಮಾತ್ರೆ ವಿಚಾರದಲ್ಲಿ ತಪ್ಪು ಬೇಡ

ಬಿಪಿ ಮಾತ್ರೆ ತಗೊಂಡರೆ ಕೊಲೆಸ್ಟ್ರಾಲ್ ಇಳಿಯುವುದಿಲ್ಲ. ಕೊಲೆಸ್ಟ್ರಾಲ್‌ಗೆ ಕೊಡುವ ಸ್ಟ್ಯಾಟಿನ್ ಮಾತ್ರೆ ಬಿಪಿ ಮಾತ್ರೆಯ ಬದಲಿಯಲ್ಲ. ಇನ್ನು 'ಈಗ ನಾರ್ಮಲ್ ಆಯ್ತಲ್ಲ' ಅಂತ ಮಾತ್ರೆ ಬಿಡುವವರೇ ಜಾಸ್ತಿ. ಮಾತ್ರೆ ನುಂಗುತ್ತಿರುವುದರಿಂದಲೇ ಅದು ನಾರ್ಮಲ್ ಆಗಿರುತ್ತದೆ! ಬಿಡುವ, ಕಡಿಮೆ ಮಾಡುವ ತೀರ್ಮಾನ ವೈದ್ಯರದ್ದೇ ಆಗಿರಲಿ.

ಊಟ, ನಡಿಗೆ

ಉಪ್ಪು ಬಿಪಿಯನ್ನು ಏರಿಸುತ್ತದೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದ್ರೆ ಒಂದು ಟೀ ಚಮಚದೊಳಗೆ ಇರಲಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಒಣಮೀನಿನ ಉಪ್ಪನ್ನೂ ಇದೇ ಲೆಕ್ಕಕ್ಕೆ ಸೇರಿಸಿ. ವನಸ್ಪತಿ, ಪಾಮ್ ಎಣ್ಣೆ, ಬೆಣ್ಣೆ, ತುಪ್ಪ ಅತಿಯಾದರೆ ಎಲ್‌ಡಿಎಲ್ ಏರುತ್ತದೆ. ಎಣ್ಣೆ ಪ್ಯಾಕೆಟ್ ಮೇಲಿನ 'ಕೊಲೆಸ್ಟ್ರಾಲ್ ಫ್ರೀ' ಬರಹಕ್ಕೆ ಮರುಳಾಗಬೇಡಿ. ಯಾವ ಅಡುಗೆ ಎಣ್ಣೆಯಲ್ಲೂ ಲೆಕ್ಕಕ್ಕೆ ಬರುವಷ್ಟು ಕೊಲೆಸ್ಟ್ರಾಲ್ ಇರುವುದಿಲ್ಲ. ನೋಡಬೇಕಾದ್ದು ಅದರಲ್ಲಿರುವ ಕೊಬ್ಬಿನ ಬಗೆಯನ್ನು. ವಾರಕ್ಕೆ 5 ದಿನ, ಅರ್ಧ ಗಂಟೆ ಚುರುಕು ನಡಿಗೆ ಎರಡಕ್ಕೂ ಒಳ್ಳೆಯದು. ಬೀಡಿ, ಸಿಗರೇಟ್ ಪೂರ್ತಿ ಬಿಡಿ.

30 ವರ್ಷ ದಾಟಿದವರು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ ಪರೀಕ್ಷಿಸಿಕೊಳ್ಳಿ. ಕೊಲೆಸ್ಟ್ರಾಲ್ ರಕ್ತ ಪರೀಕ್ಷೆ ಎಲ್ಲಿ ಮಾಡಿಸಬೇಕೆಂದು ಅಲ್ಲೇ ವಿಚಾರಿಸಿ. ಎದೆನೋವು, ಬಾಯಿ ಸೊಟ್ಟಗಾಗುವುದು, ಕೈಕಾಲು ಸ್ವಾಧೀನ ತಪ್ಪುವುದು, ಮಾತು ತೊದಲುವುದು ಕಂಡರೆ ಕಾಯಬೇಡಿ. ತಕ್ಷಣ 108ಕ್ಕೆ ಕರೆ ಮಾಡಿ.