ಬಿಳಿಗಿರಿಯ ಸೋಲಿಗರು ಹಕ್ಕುಪತ್ರ ಪಡೆದ ಕತೆ

ಬೆಟ್ಟದಿಂದ ಇಳಿದು ಬರೋ ನೆಲ್ಲಿಕಾಯಿ ಕಂಡ್ರೆ ನಾವು ಕೇಳೋದು ಒಂದೇ, ಕೆಜಿ ಎಷ್ಟು? ಅದನ್ನ ಕಿತ್ತು ಮಾರೋ ಹಕ್ಕಿಗೆ ಸೋಲಿಗರು ಪಟ್ಟ ಪಾಡು ಪಕ್ಕದಲ್ಲೇ ಇರೋ ನಮಗೇ ಸರಿಯಾಗಿ ಗೊತ್ತಿಲ್ಲ.

1974ರಲ್ಲಿ ಬಿಳಿಗಿರಿರಂಗನ ಬೆಟ್ಟ ವನ್ಯಜೀವಿಧಾಮ ಆಯ್ತು. ಕಾಡೊಳಗೆ ಜಾಗ ಬದಲಿಸ್ತಾ ರಾಗಿ ಬೆಳೀತಿದ್ದವರನ್ನ ಒಂದೇ ಕಡೆ ಪೋಡುಗಳಲ್ಲಿ ಕೂರಿಸಿದರು. ಉಳಿದದ್ದು ಜೇನು, ನೆಲ್ಲಿ, ಸೀಗೆ, ಪಾಚಿ. ಅದನ್ನ ಲ್ಯಾಂಪ್ಸ್ ಸಹಕಾರ ಸಂಘಕ್ಕೆ ಹಾಕಬೇಕು. ಕಿತ್ತವರಿಗೆ ಸಿಗ್ತಿದ್ದುದು ಬೆಲೆ ಅಲ್ಲ, ಕೂಲಿ.

ಆಮೇಲೆ ಅದೂ ನಿಂತಿತು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿ ಮುಂದಿಟ್ಟು, ಮಾರಾಟಕ್ಕೆ ಕೀಳೋದನ್ನೇ ಬಂದ್ ಮಾಡಿದರು. ಕೂಲಿ ಹುಡುಕಿಕೊಂಡು ಎಷ್ಟೋ ಜನ ಬೆಟ್ಟ ಇಳಿದರು.

2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂತು. ಕಿರು ಅರಣ್ಯ ಉತ್ಪನ್ನದ ಒಡೆತನ, ಮಾರೋ ಹಕ್ಕು ಎರಡೂ ಅದರಲ್ಲಿದೆ. ಆದರೆ ಅರ್ಜಿಗೆ ಪುರಾವೆ ಬೇಕಲ್ಲ, ಪಹಣಿ ಇಲ್ಲದವರು ಎಲ್ಲಿಂದ ತರೋದು? ಇಲ್ಲಿ ಅವರು ಮಾಡಿದ ಕೆಲಸ ನನಗೆ ಬಹಳ ದೊಡ್ಡದು ಅನ್ಸುತ್ತೆ. ಒಂದೊಂದು ಕುಲಕ್ಕೂ ಕಾಡಲ್ಲಿ ಒಂದೊಂದು ಯಲ್ಲೆ. ಅದರೊಳಗೆ ದೇವರು, ಮಾರಮ್ಮ, ವೀರ, ಕಲ್ಲುಗುಡಿ, ಅಬ್ಬಿ ಅಂತ ಜಾಗಗಳು. ಹಿರೀಕರು ಮುಂದೆ ನಡೆದು ಒಂದೊಂದನ್ನೂ ತೋರಿಸಿದರು, ಸಂಶೋಧಕರು ಜಿಪಿಎಸ್ ಹಿಡಿದು ಹಿಂದೆ ನಡೆದರು. ನಕ್ಷೆ ಆಯ್ತು. (ನಾವು ಸರ್ವೆ ಕಲ್ಲಿಗೆ ಹತ್ತು ವರ್ಷ ಕೋರ್ಟು ಅಲೀತೀವಿ, ಬಿಡಿ.) ಸೋಲಿಗರಲ್ಲೇ ಹುಟ್ಟಿ ಬೆಳೆದ ಡಾ. ಸಿ. ಮಾದೇಗೌಡರಂಥವರು ಈ ಹೋರಾಟದ ಮುಂದೆ ನಿಂತಿದ್ದರು.

2011ರ ಜನವರಿಯಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶ ಆದಾಗ ಮತ್ತೆ ಎತ್ತಂಗಡಿ ಭಯ. ಅದೇ ವರ್ಷ ಅಕ್ಟೋಬರ್ 2ರಂದು 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ತು. ಹುಲಿ ಕಾಡೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು.

ಎಲ್ಲಾ ಸರಿಹೋಯ್ತು ಅಂತಲ್ಲ. ಮುಂಚೆ ಅವರು ವರ್ಷದ ಮೊದಲಲ್ಲೇ ತರಗು ಬೆಂಕಿ ಹಾಕ್ತಿದ್ದರು, ಒಣಗಿದ ಎಲೆ ಮಾತ್ರ ಸುಡೋ ಸಣ್ಣ ಬೆಂಕಿ. ಅದನ್ನ ನಿಲ್ಲಿಸಿದ ಮೇಲೆ ಲಂಟಾನ ಎದ್ದಿತು, ನೆಲ್ಲಿ ಮರಕ್ಕೆ ಉಪ್ಪಿಲು ಹತ್ತಿತು ಅಂತಾರೆ ಹಿರೀಕರು. ಉಪ್ಪಿಲು ಅಂದ್ರೆ ನಮ್ಮ ಮಾವಿನ ಮರದ ಬದನಿಕೆ ಥರದ್ದೇ, ಕೊಂಬೆಯ ಸಾರ ಹೀರುತ್ತೆ. ಹಕ್ಕುಪತ್ರ ಕೈಲಿದೆ, ಬೆಂಕಿ ಹಾಕೋ ಹಂಗೆ ಮಾತ್ರ ಇನ್ನೂ ಇಲ್ಲ.